ತಣ್ಣೀರಿನ ಹರಳು

ಆ ಊರಿಗೆ ಹೆಸರು ಬೇಡ. ಹೆಸರು ಹೇಳಿದರೆ "ಸದ್ಯ, ನಮ್ಮೂರಲ್ಲ" ಅಂತ ನೀವು ನೆಮ್ಮದಿಯಾಗಿ ಎದ್ದು ಹೋಗುತ್ತೀರಿ. ಬೆಟ್ಟದ ಬುಡದಲ್ಲಿ ಬುಗ್ಗೆ ಇತ್ತು, ಬುಗ್ಗೆಯ ಕೆಳಗೆ ಕೊಳ ಇತ್ತು, ಕೊಳದ ದಂಡೆಯಲ್ಲಿ ಊರಿತ್ತು. ನೀರು ಎಷ್ಟು ತಣ್ಣಗೆ ಅಂದರೆ, ನಡುಬೇಸಿಗೆಯಲ್ಲೂ ಬೊಗಸೆ ಅದ್ದಿದವರ ಬೆರಳು ಮರಗಟ್ಟುತ್ತಿತ್ತು. ಆ ಊರಿನಲ್ಲಿ ಒಂದು ಕಟ್ಟಳೆ. ಯಾರಿಗೆ ಯಾರ ಮೇಲೆ ಏನೇ ದೂರಿರಲಿ, ಅದನ್ನು ಒಬ್ಬನ ಮುಂದೆ ಮಾತ್ರ ಹೇಳಬೇಕು, ಒಮ್ಮೆ ಮಾತ್ರ ಹೇಳಬೇಕು. ಆ ಒಬ್ಬನನ್ನು ಕೇಳುವಯ್ಯ ಅನ್ನುತ್ತಿದ್ದರು.

ಕೇಳುವಯ್ಯ ಚಾವಡಿಯಲ್ಲಿ ಮರದ ಪೀಠದ ಮೇಲೆ ಕೂರುವುದು. ಎದುರಿಗೆ ಒಂದು ಚಪ್ಪಡಿ ಕಲ್ಲು. ದೂರಿದ್ದವರು ಕಲ್ಲು ಹತ್ತಿ ಹೇಳುವುದು, ಹೇಳಿ ಮುಗಿದ ಮೇಲೆ ಕೇಳುವಯ್ಯ ತಲೆ ತಗ್ಗಿಸುವುದು. ಪೀಠದ ಮೇಲೆ ಕೂತವನ ಗದ್ದ ಎದೆಗೆ ತಾಗಿತೋ, ದೂರು ಮುಗಿಯಿತು. ಪರಿಹಾರ ಏನಾಯಿತು ಅಂತ ನನ್ನನ್ನು ಕೇಳಬೇಡಿ, ಆ ಊರಲ್ಲೇ ಯಾರೂ ಕೇಳಿದವರಲ್ಲ. ಗದ್ದ ತಾಗಿದ ಮೇಲೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ, ಗಂಡನ ಹತ್ತಿರವೂ ಇಲ್ಲ, ಗೋಡೆಯ ಹತ್ತಿರವೂ ಇಲ್ಲ. ಜನ ಕಲ್ಲಿನಿಂದ ಇಳಿದು, ಹೊರೆ ಇಳಿಸಿದವರ ಹಾಗೆ ಕೈ ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು.

ಕೇಳುವ ಕಿವಿ ಶುದ್ಧವಾಗಿರಬೇಕಲ್ಲ, ಅದಕ್ಕೊಂದು ಶಾಸ್ತ್ರ. ದಿನಾ ಮುಂಜಾನೆ ಕೇಳುವಯ್ಯನನ್ನು ಬುಗ್ಗೆಯ ಹತ್ತಿರ ಕೂರಿಸಿ, ತಲೆ ವಾರೆ ಮಾಡಿಸಿ, ಕಿವಿಯೊಳಕ್ಕೆ ನೀರು ಹೊಯ್ಯುವುದು. ಬಲಗಿವಿಗೆ ಮೂರು ಕೊಡ, ಎಡಗಿವಿಗೆ ಮೂರು ಕೊಡ. ಹೊಯ್ಯುವ ಹಕ್ಕು ಊರ ಹಿರಿಯರಲ್ಲಿ ಒಬ್ಬನದು, ಅವನನ್ನು ಕೊಡದ ಹಿರಿಯ ಅನ್ನುತ್ತಿದ್ದರು. ಚಳಿಯಿರಲಿ, ಜ್ವರವಿರಲಿ, ಬಲಗಿವಿಗೆ ಮೂರು, ಎಡಗಿವಿಗೆ ಮೂರು.

ಹೀಗೆ ಹೊಯ್ದು ಹೊಯ್ದು ವರ್ಷಗಳು ಕಳೆದಂತೆ ಕೇಳುವಯ್ಯನ ಕಿವಿಯ ಓಣಿಯಲ್ಲಿ ಹರಳು ಏಳುತ್ತಿತ್ತು. ಎರಡೂ ಕಿವಿಯಲ್ಲಿ, ಎರಡೂ ಪಕ್ಕದ ಗೋಡೆಯಿಂದ, ಬೆಳ್ಳಗೆ, ನುಣ್ಣಗೆ, ಗಟ್ಟಿಯಾಗಿ. ಹಿಂದಿನ ಕೇಳುವಯ್ಯನಿಗೂ ಹೀಗೇ ಆಗಿತ್ತು, ಅವನ ಹಿಂದಿನವನಿಗೂ. ಊರಿನ ಸಂಕಟವೆಲ್ಲ ಆ ಕಿವಿಗೆ ಇಳಿದು ಹೆಪ್ಪುಗಟ್ಟಿ ಹರಳಾಗಿದೆ ಅಂತ ಜನ ಕೈ ಮುಗಿಯುತ್ತಿದ್ದರು. ಹೊಸ ಹರಳು ಕಂಡ ದಿನ ಊರಿಗೆಲ್ಲ ಹುಗ್ಗಿ.

ಹರಳು ಕಂಡಿತು ಅಂತ ಹೇಳಬೇಕಾದವಳು ಕಿವಿಯವ್ವ. ಊರಿನವರ ಕಿವಿ ನೋಡುವುದು ಅವಳ ಕಸುಬು. ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ತಟ್ಟೆಯಲ್ಲಿ ಬಿಸಿಲು ಹಿಡಿದು, ಆ ಬಿಸಿಲನ್ನು ಕಿವಿಯೊಳಕ್ಕೆ ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ನೋಡಿ ನೋಡಿ ಅವಳಿಗೆ ಕಿವಿಯೊಳಗಿನ ಬೆಳವಣಿಗೆಯ ಜಾತಕವೇ ತಿಳಿದಿತ್ತು. ಮೆತ್ತಗೆ, ಕೆಂಪಗೆ, ಮುಟ್ಟಿದರೆ ರಕ್ತ ಒಸರುವುದೊಂದು ಬಗೆ. ಸೋರುವ ಕಿವಿಯನ್ನು ವರ್ಷಗಟ್ಟಲೆ ಅಸಡ್ಡೆ ಮಾಡಿದವರಲ್ಲಿ ಅದು ಬೆಳೆಯುತ್ತದೆ, ಒಳಗೆ ಇನ್ನೇನೋ ಕೊಳೆಯುತ್ತಿದೆ ಅಂತ ಅರ್ಥ. ಈ ಹರಳು ಆ ಬಗೆಯಲ್ಲ. ನೋವಿಲ್ಲ, ರಕ್ತವಿಲ್ಲ. ಮೂಳೆಯೇ ಮೆಲ್ಲಗೆ ಉಬ್ಬಿ ಓಣಿಯನ್ನು ಮುಚ್ಚುತ್ತಾ ಬರುತ್ತದೆ. ಮೊದಲು ಕಿವಿಗೆ ಹೋದ ನೀರು ಆಚೆ ಬರುವುದಿಲ್ಲ. ಆಮೇಲೆ ಕಡಿತ. ಆಮೇಲೆ ಹರಳಿನ ಹಿಂದೆ ಕೊಳೆ ನಿಂತು ಕೀವು, ವಾಸನೆ. ಕಿವಿ ಗುಂಯ್ ಅನ್ನುತ್ತದೆ. ತನ್ನ ಮಾತು ತನಗೇ ಮಡಕೆಯೊಳಗೆ ಕೂಗಿದಂತೆ ಕೇಳುತ್ತದೆ, ಎದುರಿನವರ ಮಾತು ಮಾತ್ರ ದೂರ ಸರಿಯುತ್ತಾ ಹೋಗುತ್ತದೆ.

ಊರಿನಲ್ಲಿ ಕೇಳುವಯ್ಯನನ್ನು ಬಿಟ್ಟರೆ ಇನ್ನೊಬ್ಬನಿಗೆ ಮಾತ್ರ ಆ ಹರಳಿತ್ತು. ಅವನು ಮುಳುಗುವವನು. ಸುಣ್ಣ ಸುಡುವುದಕ್ಕೆ ಕೊಳದ ತಳದಿಂದ ಚಿಪ್ಪು ಹೆಕ್ಕಿ ತರುವುದು ಅವನ ಕೆಲಸ, ಹತ್ತು ವರ್ಷದ ವಯಸ್ಸಿನಿಂದ ದಿನಕ್ಕೆ ನಲವತ್ತು ಸಲ ಆ ತಣ್ಣೀರಿಗೆ ಇಳಿದವನು. ಒಂದು ದಿನ ಕಿವಿ ಕಡಿತ ಅಂತ ಬಂದು ಕೂತ. ಕಿವಿಯವ್ವ ತಟ್ಟೆ ಹಿಡಿದು ನೋಡಿದರೆ, ಅದೇ ಬಿಳುಪು, ಅದೇ ನುಣುಪು, ಬಲಗಡೆ ಮೂರು, ಎಡಗಡೆ ಎರಡು. ಕೇಳುವಯ್ಯನ ಕಿವಿಯನ್ನೇ ತಂದು ಅಂಟಿಸಿದ ಹಾಗಿತ್ತು. ಅವಳಿಗೆ ಅಲ್ಲೇ ಎಲ್ಲ ಹೊಳೆಯಿತು. ತಟ್ಟೆ ಕೆಳಗಿಟ್ಟವಳು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಕೊಡದ ಹಿರಿಯನ ಮನೆಗೆ ನಡೆದಳು.

"ದೊಡ್ಡಯ್ಯ, ಇದು ಊರಿನ ಸಂಕಟ ಅಲ್ಲ. ತಣ್ಣೀರಿನ ಕೆಲಸ. ಮುಳುಗುವವನ ಕಿವೀಲೂ ಅದೇ ಹರಳಿದೆ, ಅವನು ಯಾರ ದೂರೂ ಕೇಳಿದವನಲ್ಲ" ಅಂದಳು.

ಹಿರಿಯ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದ. "ಮೀನು ಹೇಳಿರ್ತವೆ" ಅಂದ.

"ಏನಂದ್ರಿ?"

"ನೀರೊಳಗೆ ಇಳಿದವನಿಗೆ ಮೀನು ದೂರು ಹೇಳಿರ್ತವೆ ಕಣವ್ವ. ಮೀನಿಗೆ ಸಂಕಟ ಇರಲ್ವಾ?"

"ಮೀನಿನ ವಿಷಯ ಬಿಡಿ. ನೀರನ್ನ ಒಂಚೂರು ಬೆಚ್ಚಗೆ ಮಾಡಿ ಹೊಯ್ಯಿರಿ. ಅಷ್ಟೇ ನಾನು ಕೇಳೋದು."

"ಬೆಚ್ಚಗೆ ಮಾಡಿದರೆ ಅದು ಬುಗ್ಗೆ ನೀರು ಹೆಂಗಾದೀತು? ಬಚ್ಚಲ ನೀರಾಗ್ತದೆ."

"ಹಂಗಾದರೆ ಹತ್ತಿಗೆ ಎಣ್ಣೆ ಅದ್ದಿ ಕಿವಿ ಮುಚ್ಚಿ, ಮೇಲೆ ಹೊಯ್ಯಿರಿ."

"ಮುಚ್ಚಿದ ಕಿವಿ ಮೇಲೆ ಹೊಯ್ದರೆ ಯಾರಿಗೆ ಬಂತು ಪುಣ್ಯ? ನಿನ್ನ ಕೆಲಸ ಎಣಿಸೋದು. ಎಣಿಸು."

ಅವಳು ಎಣಿಸಿದಳು. ವರ್ಷಕ್ಕೊಂದು ಸಲ ಹೋಗಿ ಅದೇ ಮಾತು ಹೇಳಿದಳು, ವರ್ಷಕ್ಕೊಂದು ಸಲ ಅವನು ಮೀನಿನ ಮಾತು ತೆಗೆದ. ನಡುವೆ ಒಮ್ಮೆ, ಕೇಳುವಯ್ಯನಿಗೆ ಕಿವಿ ಮಂದವಾಗಿದೆ ಅಂತ ಹಿರಿಯರಿಗೇ ಅನುಮಾನ ಬಂತು. ಸದ್ಯ ಕಣ್ಣು ಬಿಟ್ಟರಲ್ಲ ಅಂದುಕೊಂಡಳು. ಅವರು ಕೂತು ಆಲೋಚಿಸಿ ಏನು ತೀರ್ಮಾನ ಮಾಡಿದರು ಗೊತ್ತೇ? ಶುದ್ಧ ಸಾಲದು ಅಂತ ಕೊಡ ಹೆಚ್ಚಿಸಿದರು. ಬಲಗಿವಿಗೆ ಆರು, ಎಡಗಿವಿಗೆ ಆರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕಿವಿಯವ್ವ ಆ ದಿನ ಒಲೆಯ ಮುಂದೆ ಕೂತು ತಲೆ ಚಚ್ಚಿಕೊಂಡಳು.

ನೀವು ಕೇಳಬಹುದು, ಇಷ್ಟೆಲ್ಲ ಯಾಕೆ, ಕಲ್ಲು ಹತ್ತಿ ಅದನ್ನೇ ದೂರು ಕೊಡಬಾರದಿತ್ತೇ ಅಂತ. ಅಲ್ಲೇ ಇರುವುದು ಸಿಕ್ಕು. ಕೇಳುವಯ್ಯನಿಗೆ ಏನೂ ಕೇಳುತ್ತಿರಲಿಲ್ಲ. ಕಲ್ಲಿನ ಮೇಲಿದ್ದವರ ತುಟಿ ಅಲುಗುವುದು ನಿಂತಾಗ ಅವನು ತಲೆ ತಗ್ಗಿಸುತ್ತಿದ್ದ, ಅಷ್ಟೇ. ಜನರಿಗೆ ಅದೇ ಸಾಕಾಗಿತ್ತು. ಕಿವಿಯವ್ವ ಕಲ್ಲು ಹತ್ತಿ ಹೇಳಿದ್ದರೆ ಅವನು ಕೇಳದೆಯೇ ತಲೆ ತಗ್ಗಿಸುತ್ತಿದ್ದ, ಅವಳ ಬಾಯಿ ಜನ್ಮಕ್ಕೆ ಮುಚ್ಚಿಹೋಗುತ್ತಿತ್ತು. ಕಲ್ಲಿನ ಮೇಲೆ ಒಮ್ಮೆ ಮಾತ್ರ ಆಡಬಹುದಾದ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಹಲ್ಲು ಕಚ್ಚಿ ಕಾಯುತ್ತಿದ್ದಳು.

ಕಾಯುವುದಕ್ಕೆ ಹೊತ್ತಿಲ್ಲದ ದಿನವೂ ಬಂತು. ಕೇಳುವಯ್ಯ ಮುದುಕನಾದ, ಪೀಠಕ್ಕೆ ಹೊಸಬರು ಬೇಕಾದರು. ಹಿರಿಯರು ಮನೆ ಮನೆ ತಿರುಗಿ ಕಿವಿ ಪರೀಕ್ಷೆ ಮಾಡಿ, ಊರಿನಲ್ಲೇ ಸೂಕ್ಷ್ಮವಾದ ಕಿವಿಯನ್ನು ಆರಿಸಿದರು. ಅದು ಕಿವಿಯವ್ವನ ಮಗಳದು. ಮೂರನೇ ಮನೆಯ ಒಲೆಯ ಮೇಲೆ ಹಾಲು ಉಕ್ಕಲಿದೆ ಅಂತ ತನ್ನ ಮನೆಯಲ್ಲಿ ಕೂತು ಹೇಳುತ್ತಿದ್ದ ಹುಡುಗಿ ಅವಳು. ಮದುವೆಯ ವಯಸ್ಸು, ಬೆನ್ನು ನೆಟ್ಟಗಿಟ್ಟು ನಡೆಯುವ ಜಾತಿ. ಹೆಣ್ಣೊಬ್ಬಳು ಆ ಪೀಠದ ಮೇಲೆ ಕೂರುವುದು ಅದೇ ಮೊದಲು.

ಮಗಳು ಹಿಗ್ಗಿ ಹೀರೇಕಾಯಿಯಾದಳು. ತಾಯಿಯ ಎದೆಯಲ್ಲಿ ಬೆಂಕಿ ಬಿತ್ತು.

"ಬೇಡ ಕಣೇ. ಹತ್ತು ವರ್ಷಕ್ಕೆ ಕಿವುಡಿ ಆಗ್ತೀಯ" ಅಂದಳು.

"ಊರಿನ ಸಂಕಟ ಹೊರೋರಿಗೆ ಅಷ್ಟೂ ಆಗದೆ ಇರ್ತದಾ ಅವ್ವ?"

"ಸಂಕಟ ಅಲ್ಲ ಕಣೇ ಅದು, ನೀರು. ಬರೀ ನೀರು. ಕೊಡದಲ್ಲಿರೋ ತಣ್ಣೀರು."

"ನಿನಗೆ ಬರೀ ಕಿವಿಯ ತೂತು ಕಾಣ್ತದೆ. ಅದರೊಳಗೆ ಏನು ಹೋಗ್ತದೆ ಅನ್ನೋದು ಕಾಣಲ್ಲ" ಅಂದಳು ಮಗಳು. ಹೆತ್ತ ಹೊಟ್ಟೆಗೆ ಆ ಮಾತು ಚುರುಕ್ಕಂದಿತು. ಊರಿನವರು ಕೇಳದಿದ್ದರೆ ಊರು ಕಿವುಡು ಅನ್ನಬಹುದು. ಹಾಲಿನ ಉಕ್ಕು ಕೇಳುವ ಮಗಳಿಗೆ ತಾಯಿಯ ಮಾತು ಕೇಳದಿದ್ದರೆ ಏನನ್ನಬೇಕು? ಅವಳು ಎಣ್ಣೆ ಬೆಚ್ಚಗೆ ಮಾಡಲು ಎದ್ದಳು.

ಪೀಠ ಬದಲಾಗುವ ದಿನ ನಡುಹಗಲಲ್ಲಿ, ಊರೆಲ್ಲ ಸೇರಿದ ಚಾವಡಿಯಲ್ಲಿ ಕಿವಿಯವ್ವ ಹಳೇ ಕೇಳುವಯ್ಯನ ಹರಳುಗಳನ್ನು ಕೊನೆಯ ಸಲ ಎಣಿಸಿ ಸಾರಬೇಕು. ಅದಕ್ಕೆ ಮುಂಚೆ ಮೂರು ದಿನ ಕಿವಿ ಒರೆಸುವುದು ವಾಡಿಕೆ. ಆ ಮೂರು ದಿನವೂ ಅವಳು ಒರೆಸುವ ನೆಪದಲ್ಲಿ ಬೆಚ್ಚಗಿನ ಎಣ್ಣೆ ಹನಿಸಿದಳು. ಬಲಗಿವಿಗೆ ಮೂರು ಹನಿ, ಎಡಗಿವಿಗೆ ಮೂರು ಹನಿ. ಹರಳನ್ನು ದಾಟಿ ಕಡ್ಡಿ ಹಾಕಬಾರದು ಅಂತ ಕಟ್ಟಳೆ ಇತ್ತು. ಹನಿಗೆ ಕಟ್ಟಳೆ ಇರಲಿಲ್ಲ.

ದಿನ ಬಂತು. ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮಗಳು ಬಿಳಿ ಸೀರೆಯುಟ್ಟು ಪೀಠದ ಬಲಕ್ಕೆ ನಿಂತಿದ್ದಳು. ಹಳಬರ ಮುಂದೆ ಒಂದು ದೂರೂ ಉಳಿಯದೆ ಇದ್ದಾಗ ಮಾತ್ರ ಹೊಸಬರು ಕೂರಬೇಕು ಅಂತ ನಿಯಮ. ಉಳಿಯುವ ಮಾತೇ ಇರಲಿಲ್ಲವಲ್ಲ, ಅದನ್ನು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ಕಿವಿಯವ್ವ ತಟ್ಟೆ ಹಿಡಿದು ಬಲಗಿವಿಗೆ ಬಿಸಿಲು ಬಿಟ್ಟಳು. ಎರಡು ಹರಳಿನ ನಡುವೆ ರಾಗಿ ಕಾಳು ನುಸುಳುವಷ್ಟೇ ಸಂದು ಉಳಿದಿತ್ತು. ಉಸಿರು ಬಿಗಿಹಿಡಿದು, ಕಿವಿ ಒರೆಸುವ ಬೆಳ್ಳಿಯ ಕಡ್ಡಿಯನ್ನು ಕಟ್ಟಳೆ ಮೀರಿ ಆ ಸಂದಿನಲ್ಲಿ ತೂರಿಸಿದಳು.

ಹರಳಿನ ಹಿಂದೆ ಎಷ್ಟು ವರ್ಷದ್ದೋ ಕೊಳೆ ಎಣ್ಣೆಯಲ್ಲಿ ನೆನೆದು ಸಡಿಲವಾಗಿತ್ತು. ಅದು ಕಡ್ಡಿಗೆ ಸಿಕ್ಕಿ ಚೂರು ಚೂರಾಗಿ ಬಂತು, ಹಿಂದೆಯೇ ಕಂದು ನೀರು ಹರಿಯಿತು. ಮುದುಕ ಬೆಚ್ಚಿ ಪೀಠದ ಅಂಚು ಹಿಡಿದ.

"ಅದು ಕಾಗೆಯಾ?" ಅಂದ.

ಮಾಡಿನ ಮೇಲೆ ಕಾಗೆ ಕೂಗುತ್ತಿತ್ತು. ಅವಳು ಕಡ್ಡಿ ಬಿಸಾಡಿ ಕಲ್ಲು ಹತ್ತಿದಳು. ನೀರಿನ ಮಾತು ಹೇಳಿದಳು, ಮುಳುಗುವವನ ಕಿವಿಯ ಮಾತು ಹೇಳಿದಳು, ಬೆಚ್ಚಗೆ ಮಾಡಿ ಅಂದದ್ದು, ಮುಚ್ಚಿ ಅಂದದ್ದು, ಮೂರು ಕೊಡ ಆರಾದದ್ದು. "ಇದೇ ನನ್ನ ದೂರು. ನನ್ನ ಮಗಳ ಕಿವಿಗೆ ಆ ನೀರು ಬೀಳಬಾರದು" ಅಂದಳು.

ಕೇಳುವಯ್ಯ ತನ್ನ ಬಲಗಿವಿ ಮುಟ್ಟಿ ನೋಡಿಕೊಂಡ. "ನನ್ನ ಕಿವಿ ಹೋದದ್ದೂ ಅದರಿಂದಲೇನಾ?"

"ಹೌದು ಅಯ್ಯ."

"ನಾನು ಇವರ ಸಂಕಟ ಅಂದ್ಕೊಂಡಿದ್ದೆ. ಅಷ್ಟಾದರೂ ಹೊತ್ತಿದೀನಿ ಅಂದ್ಕೊಂಡು ಸುಮ್ಮನೆ ಕೂತಿದ್ದೆ. ಇಷ್ಟು ವರ್ಷ ಯಾಕವ್ವ ಹೇಳಲಿಲ್ಲ?"

"ಹೇಳಿದ್ದೆ ಅಯ್ಯ. ಹರಳು ಎಣಿಸಿದಾಗಲೆಲ್ಲ ಹೇಳಿದ್ದೆ."

ಕೊಡದ ಹಿರಿಯ ಮುಂದೆ ಬಂದು, "ಕೇಳಿದ್ದಾಯ್ತಲ್ಲ ಅಯ್ಯ, ತಲೆ ತಗ್ಗಿಸಿ. ಹುಗ್ಗಿ ಆರ್ತಾ ಇದೆ" ಅಂದ.

"ಇಲ್ಲ" ಅಂದ ಕೇಳುವಯ್ಯ. "ಕೇಳದೆ ತಗ್ಗಿಸಿದ್ದು ಸಾಕು. ಇದನ್ನು ಕೇಳಿದೀನಿ, ಅದಕ್ಕೇ ತಗ್ಗಿಸಲ್ಲ. ಇದು ಮುಗಿದಿಲ್ಲ."

ಆ ಊರು ಅಂಥದ್ದನ್ನು ಕಂಡಿರಲಿಲ್ಲ. ಮುಗಿಯದ ದೂರನ್ನು ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ದೂರು ಉಳಿದಿದೆ, ಆದ್ದರಿಂದ ಹೊಸಬಳು ಕೂರುವಂತಿಲ್ಲ, ಹಳಬ ಏಳುವಂತಿಲ್ಲ. ಮಗಳು ಬಿಳಿ ಸೀರೆಯಲ್ಲೇ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. "ನನ್ನ ಪೀಠ ನೀನೇ ಕಿತ್ಕೊಂಡೆ" ಅಂತ ಒಳಗಿನಿಂದ ಅಂದದ್ದು ಒಂದೇ ಮಾತು.

ಮುಗಿಯದ ದೂರನ್ನು ಮತ್ತೆ ಹೇಳಬಹುದಲ್ಲ, ಕಿವಿಯವ್ವ ದಿನಾ ಹೋಗಿ ಕಲ್ಲು ಹತ್ತಿ ಹೇಳಿದಳು. ಜನ ದಿನಾ ಬಂದರು. ಅಯ್ಯನ ಗದ್ದ ಇವತ್ತಾದರೂ ಇಳಿಯುತ್ತದೇನೋ ನೋಡಲು ಬಂದರೇ ಹೊರತು ಅವಳ ಮಾತು ಕೇಳಲು ಅಲ್ಲ. ಆದರೂ ಕೇಳಿಸಿಕೊಂಡರು. ಕೇಳಿ ಕೇಳಿ ಅವರಿಗೆ ಬಾಯಿಪಾಠವಾಯಿತು. ಅವಳು "ಬೆಚ್ಚಗೆ" ಅನ್ನುವಾಗ ಹಿಂದಿನ ಸಾಲಿನ ಹೆಂಗಸರ ತುಟಿಯೂ "ಬೆಚ್ಚಗೆ" ಅನ್ನುತ್ತಿತ್ತು. ಬಾಯಿಪಾಠ ಮಾಡಿಕೊಂಡ ಅದೇ ಜನ ಮರುದಿನ ಮುಂಜಾನೆ ಎದ್ದು, ಅದೇ ತಣ್ಣೀರು ತುಂಬಿ ಹಿರಿಯನ ಕೈಗೆ ಕೊಡುತ್ತಿದ್ದರು. ಶುದ್ಧ ಇನ್ನೂ ಸಾಲದು ಅಂತ ಹಿರಿಯ ಬಲಗಿವಿಗೆ ಒಂಬತ್ತು, ಎಡಗಿವಿಗೆ ಒಂಬತ್ತು ಮಾಡಿದ್ದ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಅಂತಾರಲ್ಲ, ಹಾಗೆ. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು ಅವಳಿಗೆ.

ಐದನೇ ದಿನಕ್ಕೆ ಸಂದು ಮತ್ತೆ ಕಟ್ಟಿತು, ಕೇಳುವಯ್ಯನಿಗೆ ಕಾಗೆಯೂ ಇಲ್ಲ, ಅವಳೂ ಇಲ್ಲ. ಇನ್ನೊಮ್ಮೆ ಕಡ್ಡಿ ಹಾಕೋಣ ಅಂದರೆ ಹಿರಿಯ ಕಡ್ಡಿಯನ್ನೇ ಕಿತ್ತುಕೊಂಡಿದ್ದ. ಆದರೆ ಮುದುಕ ಮಾತು ಉಳಿಸಿಕೊಂಡಿದ್ದ. ತುಟಿ ಅಲುಗುವುದು ನಿಂತರೂ ತಲೆ ತಗ್ಗಿಸಲಿಲ್ಲ. ಕತ್ತು ನೆಟ್ಟಗಿಟ್ಟು ಕೂತ.

ಕತ್ತಿಗೂ ಒಂದು ವಯಸ್ಸಿರುತ್ತದೆ. ಹನ್ನೊಂದನೇ ದಿನ, ಮಧ್ಯಾಹ್ನದ ಮುದ್ದೆ ಉಂಡ ಮೇಲೆ, ಸೆಕೆಗೆ ಅವನಿಗೆ ತೂಕಡಿಕೆ ಬಂತು. ಕಣ್ಣು ಮುಚ್ಚಿತು, ತಲೆ ವಾಲಿತು, ಗದ್ದ ಇಳಿಯತೊಡಗಿತು. ಜನ ಉಸಿರು ಹಿಡಿದರು. ಕೊಡದ ಹಿರಿಯ ಎದ್ದು ನಿಂತ. ಗದ್ದಕ್ಕೂ ಎದೆಗೂ ನಾಲ್ಕು ಬೆರಳು ಉಳಿದಾಗ ಕಿವಿಯವ್ವ ಕಲ್ಲಿನಿಂದ ಹಾರಿ ಬಂದು ಅಂಗೈ ಒಡ್ಡಿದಳು. ಮುದುಕನ ತಲೆಯ ಭಾರವೆಲ್ಲ ಅವಳ ಕೈಮೇಲೆ ಬಿತ್ತು.

"ಇದು ಮೋಸ" ಅಂದ ಹಿರಿಯ.

"ಗದ್ದ ಹಿಡೀಬಾರದು ಅಂತ ಕಟ್ಟಳೇಲಿ ಇದೆಯಾ ದೊಡ್ಡಯ್ಯ?"

ಹಿರಿಯ ಬೆರಳು ಮಡಿಸುತ್ತಾ ಎಲ್ಲ ಕಟ್ಟಳೆಗಳನ್ನೂ ನೆನೆಸಿಕೊಂಡ. ಇರಲಿಲ್ಲ. "ಎಷ್ಟು ದಿನ ಹಿಡೀತೀಯ, ನಾನೂ ನೋಡ್ತೀನಿ" ಅಂತ ಅಲ್ಲೇ ಕೂತ.

ಅಂದಿನಿಂದ ಅವಳ ಕೆಲಸ ಅದೇ ಆಯಿತು. ಪೀಠದ ಮೇಲೆ ಮುದುಕನಿಗೆ ತೂಕಡಿಕೆ ಬಂದಾಗಲೆಲ್ಲ ಅಂಗೈ ಒಡ್ಡುವುದು. ಬಲಗೈ ಸೋತರೆ ಎಡಗೈ, ಎಡಗೈ ಸೋತರೆ ಬಲಗೈ. ಇದೆಂಥ ಬಾಳು ಅಂತ ಅವಳಿಗೆ ಅಳು ಬರುತ್ತಿತ್ತು. ಲೋಕದಲ್ಲಿ ಯಾರೂ ನೀರು ಬೆಚ್ಚಗೆ ಮಾಡಲು ಒಪ್ಪಲಿಲ್ಲ ಅನ್ನುವ ಕಾರಣಕ್ಕೆ ಒಬ್ಬ ಹೆಂಗಸು ಒಬ್ಬ ಮುದುಕನ ಗದ್ದ ಹಿಡಿದು ಕೂರಬೇಕೇ? ಒಂದು ಚೊಂಬು ಬಿಸಿನೀರಿನ ಕೆಲಸ. ಆದರೂ ಕೈ ತೆಗೆಯಲಿಲ್ಲ.

ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೇ ಮಧ್ಯಾಹ್ನ ಮಗಳು ಚಾವಡಿಗೆ ಬಂದಳು. ತಾಯಿಯನ್ನು ಎಬ್ಬಿಸಿಕೊಂಡು ಬಾ ಅಂತ ಹಿರಿಯರೇ ಅವಳನ್ನು ಕಳಿಸಿದ್ದರು. ಜನ ದಾರಿ ಬಿಟ್ಟರು. ಅವಳು ನಾಲ್ಕು ಹೆಜ್ಜೆ ಇಟ್ಟವಳು ಬಾಗಿಲ ಹತ್ತಿರವೇ ನಿಂತುಬಿಟ್ಟಳು, ತಲೆ ಸ್ವಲ್ಪ ವಾಲಿಸಿ, ಹಾಲಿನ ಉಕ್ಕು ಕೇಳುವಾಗ ನಿಲ್ಲುತ್ತಿದ್ದ ಹಾಗೆ.

"ಏನು?" ಅಂದಳು ತಾಯಿ.

"ಅಯ್ಯ ಏನೋ ಹೇಳ್ತಿದ್ದಾರೆ."

ಕಿವಿಯವ್ವ ಮುದುಕನ ಮುಖ ನೋಡಿದಳು. ತೂಕಡಿಕೆಯಲ್ಲಿ ಕಣ್ಣು ಮುಚ್ಚಿತ್ತು, ತುಟಿ ಅಲುಗಿತೋ ಇಲ್ಲವೋ ಅನ್ನುವಷ್ಟು ಅಲುಗುತ್ತಿತ್ತು. ಗೇಣು ದೂರದಲ್ಲಿದ್ದ ಅವಳಿಗೆ ಏನೂ ಕೇಳಿಸಲಿಲ್ಲ. "ಏನು ಹೇಳ್ತಿದ್ದಾರೆ?"

ಮಗಳು ಸುತ್ತ ನೋಡಿದಳು. ನೂರು ಜನ ಕೂತಿದ್ದರು. ಕೆಮ್ಮುತ್ತಿದ್ದರು, ಎಲೆ ಮೆಲ್ಲುತ್ತಿದ್ದರು, ಗುಸುಗುಸು ಮಾತಾಡುತ್ತಿದ್ದರು, ಕಂಕುಳ ಕೂಸುಗಳು ಅಳುತ್ತಿದ್ದವು.

"ಎಲ್ಲಾ ಹೋಗ್ಬಿಟ್ರಾ, ಯಾರಾದರೂ ಇದ್ದರೆ ಒಂದು ಮಾತು ಆಡಿ ಅಂತಿದ್ದಾರೆ" ಅಂದಳು. ಅವಳ ದನಿ ಒಡೆಯಿತು. "ಒಂದೇ ಸಮ ಅದನ್ನೇ ಹೇಳ್ತಿದ್ದಾರೆ ಅವ್ವ. ದಿನಾ ಹಿಂಗೇನಾ?"

ಕಿವಿಯವ್ವನಿಗೂ ಗೊತ್ತಿರಲಿಲ್ಲ. ಹಿರಿಯ ಹಿಂದಿನಿಂದ "ನಿಮ್ಮವ್ವನ್ನ ಎಬ್ಬಿಸು, ಎಬ್ಬಿಸಿ ಕರ್ಕೊಂಡು ಹೋಗು" ಅಂದ. ಮಗಳು ಮುಂದೆ ಬಂದು ಪೀಠದ ಪಕ್ಕದಲ್ಲಿ ಮಂಡಿಯೂರಿ ಕೂತಳು, ಸೀರೆಗೆ ಮಣ್ಣಾಗುತ್ತದೆ ಅಂತ ನೋಡಲಿಲ್ಲ.

"ಕೈ ತೆಗಿ ಅವ್ವ. ನಡುಗ್ತಾ ಇದೆ, ಜಾರೀತು" ಅಂದಳು.

ತಾಯಿಯ ಅಂಗೈ ಸರಿಯುವ ಮುಂಚೆಯೇ ತನ್ನ ಅಂಗೈಯನ್ನು ಅದರ ಕೆಳಗೆ ತಂದು, ಮುದುಕನ ಗದ್ದವನ್ನು ಮೆಲ್ಲಗೆ ಮೇಲೆತ್ತಿ ಹಿಡಿದಳು.